ಚಾಮಯ್ಯ ಮೇಷ್ಟರೊಡನೆ ಒಂದು ಜಗಳ

ಚಲನಚಿತ್ರವು ಪರದೆಯ ಮೇಲೆ ಮುಗಿದರೂ ನೋಡಿದವರ ಮಾತಿನಲ್ಲಿ ಮುಂದುವರಿಯುತ್ತದೆ. 1972ರಲ್ಲಿ ತೆರೆಕಂಡ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಇದಕ್ಕೆ ನಿದರ್ಶನ. ತ.ರಾ.ಸು. ಅವರ ಕಾದಂಬರಿಗಳನ್ನು ಓದಿದ್ದವರು ಮೂಲಕ್ಕೆ ನಿಷ್ಠೆಯೆಲ್ಲಿ ಎಂದು ಕೇಳಿದರು. ಓದದವರು ದುರ್ಗದ ಬಂಡೆಗಳಿಗೂ ವಿಷ್ಣುವರ್ಧನರ ರೋಷಕ್ಕೂ ಮಾರುಹೋದರು. ಆ ವಾದ ಹಳೆಯದಾಯಿತು. ಹಳತಾಗದ ವಾದ ಬೇರೊಂದಿದೆ: ರಾಮಾಚಾರಿಯ ಪ್ರೀತಿಯನ್ನು ಮುರಿಯಲು ಚಾಮಯ್ಯ ಮೇಷ್ಟರಿಗೆ ಅಧಿಕಾರವಿತ್ತೇ? ಜಾತಿಯ ಕಟ್ಟಳೆಯನ್ನು ಅವರು ವಾತ್ಸಲ್ಯದ ನುಡಿಯಲ್ಲಿ ಹೇಳಿದರು. ಶಿಷ್ಯ ಮಣಿದ, ಬಾಳು ಹಾಳಾದದ್ದು ಅಲಮೇಲುವಿನದು. ಅಶ್ವತ್ಥರ ಅಭಿನಯ ನಮ್ಮನ್ನು ಕರಗಿಸುವುದರಿಂದಲೇ ಈ ಪ್ರಶ್ನೆ ಕಠಿಣ. ಒಳ್ಳೆಯವರನ್ನು ಪ್ರಶ್ನಿಸಲು ನಾಲಗೆ ಏಳುವುದಿಲ್ಲ. ಜೀವಮಾನವೆಲ್ಲ ಮೇಷ್ಟರಾಗಿದ್ದರೂ ನಾನು ಪ್ರಶ್ನಿಸುವವರ ಪಕ್ಷ. “ಚೆನ್ನಾಗಿದೆ” ಎಂದಷ್ಟೇ ಹೇಳಿ ಎದ್ದುಹೋದವರಿಗಿಂತ, ಮೇಷ್ಟರೊಡನೆ ಜಗಳಕ್ಕೆ ನಿಂತವರೇ ಆ ಚಿತ್ರವನ್ನು ಪೂರ್ತಿ ನೋಡಿದವರು.