ಜಡೆಯ ಗಂಟು, ಭಯದ ಗಂಟು

(ಉಪನ್ಯಾಸವೊಂದರ ಬರಹರೂಪ)

ಭಾರತ ಹುಣ್ಣಿಮೆ ಹತ್ತಿರ ಬಂತೆಂದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ಹಾದಿಗಳಲ್ಲಿ 'ಉಧೋ ಉಧೋ' ಎಂಬ ಕೂಗು ಕೇಳಿಬರುತ್ತದೆ. ಚೌಡಿಕೆಯ ನಾದ, ಹಣೆ ತುಂಬ ಭಂಡಾರ, ತಲೆಯ ಮೇಲೆ ದೇವಿಯ ಕೊಡ ಹೊತ್ತ ಜೋಗತಿಯರು, ಜೋಗಪ್ಪಗಳು. ಎಲ್ಲರ ಮುಖವೂ ಸವದತ್ತಿಯ ಯಲ್ಲಮ್ಮನ ಗುಡ್ಡದ ಕಡೆಗೆ. ಅಷ್ಟು ದೂರ ಹೋಗಲಾರದವರಿಗೆ ಅಥಣಿ ಸೀಮೆಯ ಕೋಕಟನೂರಿನಲ್ಲೇ ಯಲ್ಲಮ್ಮನಿದ್ದಾಳೆ. ರಾಯಬಾಗ ತಾಲೂಕಿನ ಚಿಂಚಲಿಯಲ್ಲಿ ಮಾಯಕ್ಕನಿದ್ದಾಳೆ. ಜಾತ್ರೆಯ ಇಂಥ ಸಂದಣಿಯಲ್ಲಿ ಕೆಲವು ಹೆಂಗಸರ ತಲೆಯ ಮೇಲೆ ನೋಡುವವರ ಕಣ್ಣು ನಿಲ್ಲುತ್ತದೆ. ಕೂದಲು ಹಗ್ಗದಂತೆ ಹೊಸೆದುಕೊಂಡು ಸೊಂಟದವರೆಗೆ ಇಳಿದಿರುತ್ತದೆ. ಇಲ್ಲವೇ ಕಂಬಳಿಯ ತುಂಡಿನ ಹಾಗೆ ಗಟ್ಟಿಯಾಗಿ ನೆತ್ತಿಗೆ ಅಂಟಿಕೊಂಡಿರುತ್ತದೆ. ಕನ್ನಡದವರು ಇದನ್ನು ಜಡೆ ಎನ್ನುತ್ತಾರೆ, ಮರಾಠಿ ಮನೆಮಾತಿನವರು ಜಟ ಎನ್ನುತ್ತಾರೆ. ಹೆಣೆದ ಜಡೆಯಲ್ಲ ಇದು, ತಾನಾಗಿಯೇ ಗಂಟುಬಿದ್ದ ಜಡೆ.

ವೈದ್ಯಶಾಸ್ತ್ರದಲ್ಲಿ ಈ ಸ್ಥಿತಿಗೆ 'ಪ್ಲೈಕಾ ಪೊಲೊನಿಕಾ' ಎಂಬ ಹೆಸರಿದೆ. ಚರ್ಮರೋಗ ತಜ್ಞರ ನಿಯತಕಾಲಿಕೆಗಳಲ್ಲಿ ಇದು ಅಪರೂಪದ ಸಂಗತಿ; ಒಬ್ಬೊಬ್ಬ ರೋಗಿಯ ವೃತ್ತಾಂತವಾಗಿ ಆಗೊಮ್ಮೆ ಈಗೊಮ್ಮೆ ವರದಿಯಾಗುತ್ತದೆ. ಆದರೆ ಕೃಷ್ಣೆ, ದೂಧಗಂಗೆ, ವೇದಗಂಗೆಯರ ಈ ಗಡಿಸೀಮೆಯಲ್ಲಿ ಜಡೆ ಬಿದ್ದವರನ್ನು ಕಾಣದ ಹಿರಿಯರು ವಿರಳ. ಪುಸ್ತಕದಲ್ಲಿ ಅಪರೂಪವಾದದ್ದು ಇಲ್ಲಿ ಪರಿಚಿತವಾದದ್ದು ಹೇಗೆ? ಪರಿಚಿತವಾಗಿದ್ದರೂ ಆಸ್ಪತ್ರೆಯ ಬಾಗಿಲಿಗೆ ಬಾರದೆ ಉಳಿದದ್ದು ಏಕೆ? ಈ ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ ಕಡೆ ಇದೆ.

ಮೊದಲು ಕೂದಲಿನ ವಿಷಯ. ಮನುಷ್ಯನ ತಲೆಯ ಮೇಲೆ ಸುಮಾರು 1 ಲಕ್ಷ ಕೂದಲುಗಳಿರುತ್ತವೆ. ಒಂದೊಂದೂ ತಿಂಗಳಿಗೆ ಸುಮಾರು 1 ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಕೂದಲಿನ ಮೈ ಕಣ್ಣಿಗೆ ನುಣುಪಾಗಿ ಕಂಡರೂ ಸೂಕ್ಷ್ಮದರ್ಶಕದಲ್ಲಿ ಹಾಗಿಲ್ಲ. ಮನೆಯ ಮೇಲೆ ಒಂದರ ಅಂಚಿನ ಮೇಲೆ ಇನ್ನೊಂದು ಕೂತ ಹಂಚುಗಳಂತೆ ಅದರ ಮೇಲೆ ತೆಳುವಾದ ಪದರಗಳಿರುತ್ತವೆ. ಎಣ್ಣೆ ಕಾಣದೆ, ಬಾಚಣಿಕೆ ಆಡದೆ, ಬೆವರು ಧೂಳು ಕೂಡಿದಾಗ, ಅಥವಾ ಖಾರವಾದ ಸೋಪು ಹಚ್ಚಿ ಉದ್ದ ಕೂದಲನ್ನು ಒಟ್ಟುಗೂಡಿಸಿ ತಿಕ್ಕಿದಾಗ ಈ ಪದರಗಳು ಮೇಲೇಳುತ್ತವೆ. ಒಂದು ಕೂದಲಿನ ಪದರ ಇನ್ನೊಂದಕ್ಕೆ ಸಿಕ್ಕಿಕೊಳ್ಳುತ್ತದೆ. ಉಣ್ಣೆಯ ಬಟ್ಟೆಯನ್ನು ಬಿಸಿನೀರಿನಲ್ಲಿ ತಿಕ್ಕಿದರೆ ಅದು ಕುಗ್ಗಿ ದಪ್ಪಗಾಗುವುದಿಲ್ಲವೇ, ಇದೂ ಹಾಗೆಯೇ. ಉದುರಬೇಕಾದ ಕೂದಲು ಕೆಳಗೆ ಬೀಳದೆ ಆ ಗಂಟಿನಲ್ಲೇ ಉಳಿಯುತ್ತದೆ. ಹೇನಿದ್ದರೆ, ತಲೆಯಲ್ಲಿ ಹುಣ್ಣಾಗಿ ರಸ ಒಸರುತ್ತಿದ್ದರೆ ಗಂಟು ಇನ್ನೂ ಬಿಗಿಯುತ್ತದೆ. ಮನಸ್ಸು ಕುಗ್ಗಿ ತಮ್ಮ ಮೈಯ ಮೇಲಿನ ಗಮನವೇ ತಪ್ಪಿದವರಲ್ಲಿ, ಬಹುಕಾಲ ಹಾಸಿಗೆ ಹಿಡಿದವರಲ್ಲಿಯೂ ಹೀಗಾಗುವುದುಂಟು.

ಕೆಲವೊಮ್ಮೆ ತಲೆ ತೊಳೆದ ಕೆಲವೇ ಗಂಟೆಗಳಲ್ಲಿ ಕೂದಲು ಹಕ್ಕಿಯ ಗೂಡಿನಂತೆ ಗಂಟಾಗುತ್ತದೆ. 1884ರಲ್ಲಿ ಲೆ ಪೇಜ್ ಎಂಬ ವೈದ್ಯ 17 ವರ್ಷದ ಹುಡುಗಿಯೊಬ್ಬಳಿಗೆ ಹೀಗೆ ದಿಢೀರನೆ ಆದದ್ದನ್ನು ವರದಿ ಮಾಡಿದ. 'ರಾತ್ರಿ ಮಲಗುವಾಗ ಇರಲಿಲ್ಲ, ಬೆಳಗಾಗುವುದರೊಳಗೆ ಬಂದಿತ್ತು' ಎಂದು ಇಲ್ಲಿಯ ತಾಯಂದಿರು ಹೇಳಿದರೆ ಅದನ್ನು ಸುಳ್ಳೆಂದು ತಳ್ಳಿಹಾಕಬೇಕಿಲ್ಲ. ಅವರು ಕಂಡದ್ದು ನಿಜವೇ ಇರಬಹುದು. ಬೇರೆಯಾದದ್ದು ಅದಕ್ಕೆ ಹೇಳಲಾದ ಕಾರಣ.

ಆ ಕಾರಣ ಹುಟ್ಟುವ ಕ್ಷಣವೊಂದಿದೆ. ಮಗಳ ತಲೆ ಬಾಚಲು ಕೂತ ತಾಯಿಯ ಬೆರಳಿಗೆ ಬಿಡದ ಗಂಟೊಂದು ತಾಗುತ್ತದೆ. ಓಣಿಯ ಹಿರಿಯಳೋ, ಭಿಕ್ಷೆಗೆ ಬಂದ ಜೋಗತಿಯೋ ನೋಡಿ, "ತಲ್ಯಾಗ ತಾಯಿ ಬಂದಾಳ, ಕತ್ತರಿ ಹಚ್ಚಬ್ಯಾಡ್ರಿ" ಎನ್ನುತ್ತಾಳೆ. ಗಂಟಿಗೆ ಭಂಡಾರ ಹಚ್ಚಿ ಪೂಜೆಯಾಗುತ್ತದೆ. ಅಂದಿನಿಂದ ಬಾಚಣಿಕೆ ನಿಷಿದ್ಧ. ಬಾಚದ ಕೂದಲು ಮತ್ತಷ್ಟು ಸಿಕ್ಕಾಗುತ್ತದೆ. ಎರಡು ಬೆರಳಿನಷ್ಟಿದ್ದ ಗಂಟು ವರ್ಷದೊಳಗೆ ಮುಷ್ಟಿಯಷ್ಟಾಗುತ್ತದೆ. 'ನೋಡಿದಿರಾ, ದೇವಿ ಬೆಳೆಯುತ್ತಿದ್ದಾಳೆ' ಎಂಬ ಮಾತಿಗೆ ಪುರಾವೆ ಸಿಕ್ಕಂತಾಗುತ್ತದೆ. ಬಾಚಬೇಡಿ ಎಂಬ ನಂಬಿಕೆಯೇ ಜಡೆಯನ್ನು ಬೆಳೆಸುತ್ತದೆ. ಬೆಳೆದ ಜಡೆ ನಂಬಿಕೆಯನ್ನು ಬಲಪಡಿಸುತ್ತದೆ. ಈ ಸುತ್ತಿನೊಳಗೆ ವೈದ್ಯನಿಗೆ ಪ್ರವೇಶವೇ ಇಲ್ಲ. ಪುಸ್ತಕದಲ್ಲಿ ಅಪರೂಪವಾದದ್ದು ಇಲ್ಲಿ ಪರಿಚಿತವಾದದ್ದು, ಆಸ್ಪತ್ರೆಗೆ ಬಾರದೆ ಉಳಿದದ್ದು ಎರಡೂ ಹೀಗೆ.

ಕೂದಲಿಗೇ ಇಷ್ಟು ಮಹತ್ವ ಏಕೆ ಬಂತೆಂದು ಕೇಳಬಹುದು. ಭಾರತೀಯ ಸಂಪ್ರದಾಯದಲ್ಲಿ ಕೂದಲು ಬಾಳಿನ ಸ್ಥಿತಿಯನ್ನು ಸಾರುವ ಗುರುತು. ಎಣ್ಣೆ ಹಚ್ಚಿ, ಬೈತಲೆ ತೆಗೆದು, ಹೂ ಮುಡಿದ ಹೆರಳು ಮುತ್ತೈದೆಯದು. ಬೋಳಿಸಿದ ತಲೆ ಸಂನ್ಯಾಸಿಯದು, ಒಂದು ಕಾಲದಲ್ಲಿ ಕೆಲವು ಜಾತಿಗಳ ವಿಧವೆಯದು. ಜಟೆ ತಪಸ್ವಿಯದು, ಗಂಗೆಯನ್ನು ಹೊತ್ತ ಶಿವನದು. ಜಟೆ ಬಿಟ್ಟವರು ಸಂಸಾರದಿಂದ ಆಚೆಗೆ ನಿಂತವರು. ಶ್ರೀಲಂಕಾದ ಮಾನವಶಾಸ್ತ್ರಜ್ಞ ಗಣನಾಥ ಒಬೆಯೆಸೇಕರ 1981ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಕತರಗಾಮ ಕ್ಷೇತ್ರದ ಜಟಾಧಾರಿ ಭಕ್ತೆಯರನ್ನು ಕುರಿತು ಬರೆದಿದ್ದಾರೆ. ಆ ಹೆಂಗಸರೂ ತಮ್ಮ ಜಟೆಯನ್ನು ದೇವರ ಕೊಡುಗೆಯೆಂದೇ ತಿಳಿದಿದ್ದರು. ಪ್ರಾಯದ ಹೆಣ್ಣು ತಾನೇ ಆರಿಸಿಕೊಂಡು ಜಟೆ ಬಿಡುವುದು ಒಂದು ಮಾತು. ಆದರೆ ಏಳೆಂಟು ವರ್ಷದ ಬಾಲೆಯ ತಲೆಯಲ್ಲಿ ಗಂಟು ಬಿದ್ದಾಗ, ಆಕೆ ಸಂಸಾರಕ್ಕೆ ಸೇರಿದವಳಲ್ಲ ಎಂಬ ತೀರ್ಪನ್ನು ಬೇರೆಯವರು ಕೊಡುತ್ತಾರೆ. ಅಲ್ಲಿಗೆ ವಿಷಯ ಕೂದಲನ್ನು ದಾಟಿ ಬಾಳನ್ನು ಮುಟ್ಟುತ್ತದೆ.

ಆ ತೀರ್ಪಿನ ಹೆಸರು 'ಮುತ್ತು ಕಟ್ಟುವುದು'. ಮಗಳನ್ನು ದೇವಿಗೆ ಬಿಟ್ಟು ದೇವದಾಸಿಯನ್ನಾಗಿ ಮಾಡಲು ಜಡೆಯೊಂದೇ ಕಾರಣವಾಗಿರಲಿಲ್ಲ. ಗಂಡುಮಕ್ಕಳಿಲ್ಲದಿರುವುದು, ಹರಕೆ, ಮನೆಯಲ್ಲಿ ಮೇಲಿಂದ ಮೇಲೆ ಕಾಯಿಲೆ, ಎಲ್ಲಕ್ಕಿಂತ ಮಿಗಿಲಾಗಿ ಬಡತನ ಇವೂ ಇದ್ದವು. ಆದರೆ ಜಡೆ ಎಂಬುದು ಕಣ್ಣಿಗೆ ಕಾಣುವ ಗುರುತು; ವಾದಕ್ಕೆ ಅವಕಾಶ ಕೊಡದ ಗುರುತು. ಹೀಗೆ ಬಿಡಲಾದ ಹುಡುಗಿಯರಲ್ಲಿ ಬಹುಪಾಲು ದಲಿತ ಕುಟುಂಬಗಳವರು. ಮುತ್ತು ಕಟ್ಟಿಸಿಕೊಂಡವಳಿಗೆ ಮದುವೆಯಿಲ್ಲ, ಮಕ್ಕಳಿಗೆ ತಂದೆಯ ಹೆಸರಿಲ್ಲ. ಊರಿನ ಉಳ್ಳವರಿಗೆ ಆಕೆ ಸುಲಭವಾಗಿ ಸಿಗುವವಳು. ಎಷ್ಟೋ ಹುಡುಗಿಯರ ದಾರಿ ಮುಂಬಯಿ, ಪುಣೆಗಳ ಕೆಂಪುದೀಪದ ಓಣಿಗಳಲ್ಲಿ ಮುಗಿಯಿತು. ದೇವಿ ಕರೆದಳೆಂದು ಹೇಳಿದವರು ಆ ಓಣಿಗಳ ತನಕ ಜೊತೆಗೆ ಹೋಗಲಿಲ್ಲ.

ಇದು ನಮ್ಮ ಜನರ ಅಜ್ಞಾನಕ್ಕೆ ಮಾತ್ರ ಮೀಸಲಾದ ಕಥೆ ಎಂದು ಯಾರೂ ನಾಚಬೇಕಾಗಿಲ್ಲ. ರೋಗದ ಹೆಸರಿನಲ್ಲಿರುವ 'ಪೊಲೊನಿಕಾ' ಎಂಬ ಪದ ಯುರೋಪಿನ ಪೋಲೆಂಡ್ ದೇಶವನ್ನು ಸೂಚಿಸುತ್ತದೆ. ಅಲ್ಲಿ ಇದಕ್ಕೆ 'ಕೊಲ್ತುನ್' ಎಂದು ಹೆಸರು. ಒಳಗಿನ ಕಾಯಿಲೆ ಕೂದಲಿನ ಮೂಲಕ ಹೊರಕ್ಕೆ ಬರುತ್ತಿದೆ, ಜಡೆ ಕತ್ತರಿಸಿದರೆ ಅದು ಒಳಗೇ ಉಳಿದು ಕಣ್ಣು ಹೋದೀತು, ಬುದ್ಧಿ ಕೆಟ್ಟೀತು ಎಂದು ಅಲ್ಲಿಯ ರೈತಾಪಿ ಜನ ಹೆದರುತ್ತಿದ್ದರು. ಓದಿದವರೂ ಇದಕ್ಕೆ ಹೊರತಲ್ಲ. 1599ರಲ್ಲಿ ಜಾಮೊಷ್ಚ್ ಎಂಬ ಊರಿನ ವಿದ್ಯಾಪೀಠದ ಮುಖ್ಯಸ್ಥರು ಇಟಲಿಯ ಪಡುವಾ ವಿಶ್ವವಿದ್ಯಾಲಯದ ವೈದ್ಯ ಪಂಡಿತರಿಗೆ ಪತ್ರ ಬರೆದು ಈ ರೋಗಕ್ಕೆ ಪರಿಹಾರ ಕೇಳಿದ್ದರು. 19ನೇ ಶತಮಾನದ ನಡುವೆ ಕ್ರಾಕೋವ್ ನಗರದ ವೈದ್ಯ ಯೂಜೆಫ್ ಡೀಟ್ಲ್, ಇದು ರೋಗವೇ ಅಲ್ಲ, ತೊಳೆಯದ ಬಾಚದ ಕೂದಲು ಅಷ್ಟೇ ಎಂದು ಸಾರಿ ಆಂದೋಲನವನ್ನೇ ಹೂಡಿದ. ಜಡೆಯ ಮೇಲೆ ತೆರಿಗೆ ಬೀಳುತ್ತದೆಂಬ ವದಂತಿ ಹಬ್ಬಿ, ಅದಕ್ಕೆ ಅಂಜಿಯೂ ಹಲವರು ಕತ್ತರಿ ಹಿಡಿದರಂತೆ. ಕ್ರಾಕೋವ್‌ನ ವೈದ್ಯಕೀಯ ಇತಿಹಾಸದ ವಸ್ತುಸಂಗ್ರಹಾಲಯದಲ್ಲಿ ಸುಮಾರು ಒಂದೂವರೆ ಮೀಟರ್ ಉದ್ದದ ಜಡೆಯೊಂದನ್ನು ಕಾಪಾಡಿ ಇಡಲಾಗಿದೆ. ಅಲ್ಲಿ ಯಲ್ಲಮ್ಮನಿರಲಿಲ್ಲ, ಪರಶುರಾಮನಿರಲಿಲ್ಲ. ಆದರೂ ಕೂದಲು ಅದೇ, ಕತ್ತರಿಯ ಭಯವೂ ಅದೇ.

ಕೃಷ್ಣಾತೀರದ ಈ ಸೀಮೆಯಲ್ಲಿಯೂ ಸುಧಾರಣೆಯ ಚರಿತ್ರೆ ಇಂದು ನಿನ್ನೆಯದಲ್ಲ. ರಾಯಬಾಗ ಆಗ ಕೊಲ್ಹಾಪುರ ಸಂಸ್ಥಾನದಲ್ಲಿತ್ತು. ಅದರ ಅರಸರಾದ ಶಾಹೂ ಮಹಾರಾಜರು 1920ರಲ್ಲಿಯೇ ತಮ್ಮ ರಾಜ್ಯದಲ್ಲಿ ದೇವದಾಸಿ ಪದ್ಧತಿಯನ್ನು ನಿಷೇಧಿಸಿದರು. ಬ್ರಿಟಿಷ್ ಆಡಳಿತದಲ್ಲಿದ್ದ ಮುಂಬಯಿ ಪ್ರಾಂತಕ್ಕೆ 1934ರಲ್ಲಿ ದೇವದಾಸಿ ಸಂರಕ್ಷಣಾ ಕಾನೂನು ಬಂತು. ಚಿಕ್ಕೋಡಿ, ಅಥಣಿಗಳು ಅದರ ವ್ಯಾಪ್ತಿಯಲ್ಲಿದ್ದವು. 1975ರಲ್ಲಿ ನಿಪ್ಪಾಣಿಗೆ ದೂರವಲ್ಲದ ಗಡಹಿಂಗ್ಲಜದಲ್ಲಿ ದೇವದಾಸಿಯರ ಪರಿಷತ್ತು ಸೇರಿತು. ಕರ್ನಾಟಕದ 1982ರ ಕಾನೂನು ಮುತ್ತು ಕಟ್ಟುವುದನ್ನು ಅಪರಾಧವೆಂದು ಘೋಷಿಸಿ, ಹೆತ್ತವರೇ ಅದನ್ನು ಮಾಡಿಸಿದರೆ 5 ವರ್ಷಗಳವರೆಗೂ ಸೆರೆವಾಸವನ್ನು ವಿಧಿಸಿತು. ಇಷ್ಟಾದರೂ 1993-94 ಮತ್ತು 2007-08ರ ಎರಡು ಸರ್ಕಾರಿ ಸಮೀಕ್ಷೆಗಳಲ್ಲಿ ರಾಜ್ಯದಲ್ಲಿ ಒಟ್ಟು 46,660 ದೇವದಾಸಿಯರು ಪಟ್ಟಿಯಾದರು. ಮುತ್ತು ಕಟ್ಟುವವನನ್ನು ಕಾನೂನು ಹಿಡಿಯಬಲ್ಲದು. ತಾಯಿಯ ಎದೆಯೊಳಗಿನ ಭಯವನ್ನು ಹಿಡಿಯಲಾರದು.

ಆ ಭಯವನ್ನು ಕರಗಿಸಲು ಒಳಗಿನವರೇ ಮುಂದೆ ಬರಬೇಕಾಯಿತು. ಚಿಕ್ಕೋಡಿ ತಾಲೂಕಿನ ಕಬ್ಬೂರಿನ ಸೀತವ್ವ ಜೋಡಟ್ಟಿಯವರನ್ನು 7ನೇ ವಯಸ್ಸಿನಲ್ಲಿ ದೇವಿಗೆ ಬಿಡಲಾಗಿತ್ತು. ಅದೇ ಬಾಳನ್ನು ಕಂಡ ಹೆಂಗಸರು ಕೂಡಿ 1997ರಲ್ಲಿ ಘಟಪ್ರಭೆಯಲ್ಲಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯನ್ನು ಕಟ್ಟಿದರು. 'ಮಾಸ್' ಎಂದೇ ಅದು ಜನಪ್ರಿಯ. ಅದರ ಮುಂಚೂಣಿಯಲ್ಲಿ ದುಡಿದ ಸೀತವ್ವನವರಿಗೆ 2018ರಲ್ಲಿ ಪದ್ಮಶ್ರೀ ಸಂದಿತು. ಗಡಿಯಾಚೆ ಮಹಾರಾಷ್ಟ್ರದಲ್ಲಿ ಡಾ. ನರೇಂದ್ರ ದಾಭೋಲ್ಕರ್ 1989ರಲ್ಲಿ ಕಟ್ಟಿದ ಅಂಧಶ್ರದ್ಧಾ ನಿರ್ಮೂಲನ ಸಮಿತಿಯ ಕಾರ್ಯಕರ್ತೆಯರು ಊರೂರು ತಿರುಗಿ ನೂರಾರು ಹೆಂಗಸರ ಜಡೆ ಬಿಡಿಸಿದ್ದಾರೆ. ದಾಭೋಲ್ಕರ್ 2013ರ ಆಗಸ್ಟ್ 20ರಂದು ಪುಣೆಯಲ್ಲಿ ಗುಂಡಿಗೆ ಬಲಿಯಾದ ಮೇಲೂ ಆ ಕೆಲಸ ನಿಲ್ಲಲಿಲ್ಲ.

ಜಡೆ ಹೊತ್ತವರ ದಿನಚರಿಯನ್ನು ಹೊರಗಿನವರು ಊಹಿಸುವುದು ಕಷ್ಟ. ತಲೆ ಭಾರವಾಗಿ ಕುತ್ತಿಗೆ ನೋಯುತ್ತದೆ. ಅಂಗಾತ ಮಲಗಲಾಗುವುದಿಲ್ಲ. ಸ್ನಾನ ಮಾಡಿದರೆ ಜಡೆಯ ಒಳಭಾಗ ಬೇಗ ಒಣಗುವುದಿಲ್ಲ, ವಾಸನೆ ಹುಟ್ಟುತ್ತದೆ. ಹೇನು, ತುರಿಕೆ, ಕೆಲವರಿಗೆ ಕೀವುಗಟ್ಟಿದ ಹುಣ್ಣು. ಕೈ ಮುಗಿಯುವವರೇ ಪಕ್ಕದಲ್ಲಿ ಕೂರಲು ಹಿಂಜರಿಯುತ್ತಾರೆ. ಶಾಲೆಗೆ ಹೋಗುವ ಹುಡುಗಿಯಾದರೆ ಹಿಂದಿನ ಬೆಂಚು, ಕೊನೆಗೆ ಮನೆ. ದೇವಿಯೆಂದು ಪೂಜೆ ಮಾಡಿಸಿಕೊಳ್ಳುವವಳು ರಾತ್ರಿ ತಲೆ ಕೆರೆದುಕೊಳ್ಳುತ್ತ ಎಚ್ಚರವಾಗಿರುತ್ತಾಳೆ.

ಪರಿಹಾರವಾದರೋ ಬಹಳ ಸರಳ. ಗಂಟು ಎಳೆಯದಾಗಿದ್ದರೆ ಎಣ್ಣೆ ಹಚ್ಚಿ, ಬೆರಳಿನಿಂದ ತಾಳ್ಮೆಯಾಗಿ ಸಡಿಲಿಸಿ, ತುದಿಯಿಂದ ಬುಡದ ಕಡೆಗೆ ಬಾಚುತ್ತ ಬಂದರೆ ಬಿಡಿಸಬಹುದು. ಬಲಿತ ಜಡೆಯನ್ನು ಬಿಡಿಸಲಾಗದು, ಕತ್ತರಿಸಬೇಕು. ಬುಡದಲ್ಲಿ ಹೊಸದಾಗಿ ಬೆಳೆದ ಬಿಡಿ ಕೂದಲಿನ ನಡುವೆ ಕತ್ತರಿ ಆಡಿಸಿದರೆ ಸಾಕು. ಕೂದಲಿನ ಎಳೆಯಲ್ಲಿ ನರವಿಲ್ಲ, ರಕ್ತವಿಲ್ಲ. ಉಗುರಿನ ತುದಿ ಕತ್ತರಿಸಿದಷ್ಟೇ ನೋವು, ಅಂದರೆ ನೋವೇ ಇಲ್ಲ. ಆಮೇಲೆ ಹೇನಿಗೆ ಔಷಧ, ಹುಣ್ಣಿದ್ದರೆ ವೈದ್ಯರಿಗೆ ತೋರಿಸುವುದು. ಮನಸ್ಸು ಬಾಡಿದಂತೆ ಕಂಡರೆ ಅದಕ್ಕೂ ವೈದ್ಯರಿದ್ದಾರೆ. ಕಾರಣ ಸರಿಪಡಿಸದೆ ಬಿಟ್ಟರೆ ಜಡೆ ಮರುಕಳಿಸಬಹುದು. ಮರುಕಳಿಸಿದ್ದಕ್ಕೆ ದೇವಿಯ ಸಿಟ್ಟು ಕಾರಣವಲ್ಲ, ಬಾಚಣಿಕೆಯ ಗೈರುಹಾಜರಿ ಕಾರಣ.

ಕತ್ತರಿ ಹಿಡಿಯಲು ಐದು ನಿಮಿಷ ಸಾಕು. ಹಿಡಿಯಲು ಒಪ್ಪಿಸುವುದಕ್ಕೆ ತಿಂಗಳುಗಳು ಬೇಕು. ಜಡೆ ಕತ್ತರಿಸಿದ ಮನೆಯಲ್ಲಿ ಎಮ್ಮೆ ಸತ್ತರೂ ಜನ ಜಡೆಯನ್ನು ನೆನೆಯುತ್ತಾರೆ. ಜಡೆ ಉಳಿಸಿಕೊಂಡ ಮನೆಯಲ್ಲಿ ಎಮ್ಮೆ ಸತ್ತರೆ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇದನ್ನು ಗದರಿಸಿ ತಿಳಿಸಲಾಗದು, ಒತ್ತಾಯದಿಂದ ಕತ್ತರಿಸುವುದಂತೂ ಕೂಡದು. ಮೊದಲೇ ಜಡೆ ತೆಗೆಸಿಕೊಂಡು ಸುಖವಾಗಿರುವ ಹೆಂಗಸೊಬ್ಬಳು ಬಂದು ಪಕ್ಕದಲ್ಲಿ ಕೂತು, "ನನಗೇನೂ ಆಗಿಲ್ಲ, ನೋಡವ್ವಾ" ಎಂದರೆ ನೂರು ಭಾಷಣಗಳಿಗಿಂತ ಮೇಲು. ಕತ್ತರಿಸುವ ಮುನ್ನ ಭಂಡಾರ ಹಚ್ಚಿ ಕೈಮುಗಿಯುತ್ತೇನೆಂದರೆ, ಜಡೆಯನ್ನು ಹೊಳೆಗೆ ಬಿಡುತ್ತೇನೆಂದರೆ ಬೇಡವೆನ್ನಬೇಕಾಗಿಲ್ಲ. ಆಕೆ ಬಿಡಬೇಕಾದದ್ದು ಯಲ್ಲಮ್ಮನನ್ನಲ್ಲ, ತಾಯಿಯಾದವಳು ಮಗಳ ತಲೆಗೆ ಎಣ್ಣೆ ಹಚ್ಚಿದರೆ ಮುನಿಯುತ್ತಾಳೆಂಬ ಭಯವನ್ನು.

ಹುಡುಗಿಯೊಬ್ಬಳ ತಲೆಯಲ್ಲಿ ಮೊದಲ ಗಂಟು ಕಂಡ ದಿನವೇ ಈ ಕೆಲಸ ಅತ್ಯಂತ ಸುಲಭ. ಅಂದು ಬೇಕಾದದ್ದು ಒಂದು ಬಟ್ಟಲು ಕೊಬ್ಬರಿ ಎಣ್ಣೆ, ಒಂದು ಬಾಚಣಿಕೆ, ಒಂದು ತಾಸಿನ ಬಿಡುವು. ಶಾಲೆಯ ಅಕ್ಕೋರು, ಅಂಗನವಾಡಿಯ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ ಇವರ ಕಣ್ಣಿಗೆ ಅದು ಬಿದ್ದರೆ ತಾಯಿಯ ಬಳಿ ಒಂದು ಮಾತಾಡಲಿ. ಮುತ್ತು ಕಟ್ಟುವ ಮಾತು ಕಿವಿಗೆ ಬಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡುವುದಕ್ಕೆ ಹಣ ಬೇಕಿಲ್ಲ. ಮುಂದಿನ ಭಾರತ ಹುಣ್ಣಿಮೆಗೆ ಆ ಹುಡುಗಿಯೂ ಗುಡ್ಡಕ್ಕೆ ಹೋಗಲಿ, 'ಉಧೋ' ಎನ್ನಲಿ, ಎರಡು ಹೆರಳು ಹಾಕಿ ರಿಬ್ಬನ್ ಕಟ್ಟಿಕೊಂಡು ಹೋಗಲಿ. ಜಾತ್ರೆ ಮುಗಿಸಿ ಮರಳಿ ಶಾಲೆಗೆ ಬರಲಿ.