ಹಳೆಯ ಗಣಕ, ಹಳೆಯ ಹಾಡು

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಚಿಕ್ಕಂದಿನಿಂದ ಕೇಳಿದವನೇ ನಾನು. ಆದರೆ ಅದರ ಅರ್ಥವನ್ನು ನನಗೆ ಮನದಟ್ಟು ಮಾಡಿಕೊಟ್ಟವರು ಹಿರಿಯರಲ್ಲ. ಒಂದು ಪುಟ್ಟ ಗಣಕಯಂತ್ರ. ಇಂಗ್ಲೆಂಡಿನ ಸಿಂಕ್ಲೇರ್ ಸಂಸ್ಥೆ 1982ರಲ್ಲಿ ಮಾರುಕಟ್ಟೆಗೆ ತಂದ ‘ಝಡ್‌ಎಕ್ಸ್ ಸ್ಪೆಕ್ಟ್ರಮ್’ ಎಂಬ ಯಂತ್ರವದು. ಅಲ್ಲಿ ನೆಲೆಸಿದ್ದ ನನ್ನ ಸೋದರಮಾವ 1985ರಲ್ಲಿ ಅದನ್ನು ಬೆಂಗಳೂರಿನ ನಮ್ಮ ಮನೆಗೆ ತಂದುಕೊಟ್ಟರು. ಆಗ ನನಗೆ ಹದಿಮೂರು ವರ್ಷ.

ನಲವತ್ತು ರಬ್ಬರು ಗುಂಡಿಗಳ ಆ ಯಂತ್ರ ಗಾತ್ರದಲ್ಲಿ ಒಂದು ಪುಸ್ತಕದಷ್ಟು. ಅದಕ್ಕೆ ಸ್ವಂತದ ಪರದೆಯಿರಲಿಲ್ಲ. ಮನೆಯ ಟೆಲಿವಿಷನ್ನೇ ಪರದೆ. ಅದರ ಸ್ಮೃತಿ 48 ಕಿಲೋಬೈಟ್. ಅದರಲ್ಲಿ ಸುಮಾರು ಏಳನ್ನು ಪರದೆಯ ಚಿತ್ರವೇ ನುಂಗಿಬಿಡುತ್ತಿತ್ತು. ವಿದ್ಯುತ್ ಹೋಯಿತೆಂದರೆ ಬರೆದದ್ದೆಲ್ಲವೂ ಮರೆತೇಹೋಗುತ್ತಿತ್ತು. ಉಳಿಸಿಕೊಳ್ಳಬೇಕಾದರೆ ಹಾಡು ಕೇಳುವ ಟೇಪ್‌ರೆಕಾರ್ಡರಿಗೆ ತಂತಿ ಜೋಡಿಸಿ, ಸಾಧಾರಣ ಕ್ಯಾಸೆಟ್ಟಿನಲ್ಲಿ ಸದ್ದಿನ ರೂಪದಲ್ಲಿ ಮುದ್ರಿಸಿಡಬೇಕಾಗಿತ್ತು.

ನನಗೆ ಹಿಡಿದದ್ದು ಆಟದ ಹುಚ್ಚಲ್ಲ, ಅಕ್ಷರದ ಹುಚ್ಚು. ಆ ಯಂತ್ರದಲ್ಲಿ ಒಂದೊಂದು ಅಕ್ಷರವೂ ಎಂಟು ಸಾಲು, ಸಾಲಿಗೆ ಎಂಟು ಚುಕ್ಕಿಗಳ ಚೌಕ. ಇಂಗ್ಲಿಷ್ ಅಕ್ಷರಗಳು ಅದರ ಹೊಟ್ಟೆಯಲ್ಲೇ ಇದ್ದವು. ನಾವೇ ಬರೆದುಕೊಳ್ಳಲು ಕೊಟ್ಟಿದ್ದ ಚೌಕಗಳು 21 ಮಾತ್ರ. ನಮ್ಮ ವರ್ಣಮಾಲೆಗೇ ಸಾಲದ ಆ ಜಾಗದಲ್ಲಿ ಕಾಗುಣಿತವೆಲ್ಲಿ, ಒತ್ತಕ್ಷರವೆಲ್ಲಿ! ಕೆಲವು ತಿಂಗಳು ತಿಣುಕಿದ ಮೇಲೆ ಒಂದು ಗುಟ್ಟು ಸಿಕ್ಕಿತು. ಸ್ಮೃತಿಯ 23606 ಮತ್ತು 23607ನೆಯ ಮನೆಗಳಲ್ಲಿ ಅಕ್ಷರಮಾಲೆಯ ವಿಳಾಸವಿರುತ್ತದೆ. ಅದನ್ನು ಬದಲಿಸಿದರೆ 768 ಬೈಟುಗಳಲ್ಲಿ 96 ಹೊಸ ಅಕ್ಷರಗಳನ್ನು ಕೂರಿಸಬಹುದು. ಚೌಕಳಿ ಹಾಳೆಯ ಮೇಲೆ ಪೆನ್ಸಿಲಿನಿಂದ ಚುಕ್ಕಿ ತುಂಬಿ, ಒಂದೊಂದು ಸಾಲಿನ ಮೊತ್ತ ಕೂಡಿಸಿ ಕನ್ನಡವನ್ನು ಅಂಕಿಗಳಾಗಿ ಬರೆದೆ. ಒತ್ತಕ್ಕೆ ಕೆಳಗೊಂದು ಚೌಕ ಬೇಕಾಯಿತು. ಒಂದು ಸಾಲು ಉಳಿಸುವ ಆಸೆಯಿಂದ ತಲೆಕಟ್ಟನ್ನು ಬಿಟ್ಟುಬಿಟ್ಟೆ.

ಸಾಗರದ ಕಡೆಯವರಾದ ನಮ್ಮ ಅಜ್ಜಿ ಆಗ ನಮ್ಮಲ್ಲಿದ್ದರು. ಕೆಂಪು ಸೀರೆಯುಟ್ಟು, ಕೇಶಮುಂಡನಗೊಂಡು ನಲವತ್ತು ವರ್ಷ ಕಳೆದಿದ್ದ ಜೀವ. ಟೆಲಿವಿಷನ್ನಿನಲ್ಲಿ ಮೂಡಿದ ನನ್ನ ಕನ್ನಡವನ್ನು ನಿಧಾನವಾಗಿ ಓದಿ, “ಮಗು, ಇವಕ್ಕೂ ನನ್ನ ಹಾಗೆಯೇ ತಲೆ ಬೋಳಿಸಿದ್ದೀಯಲ್ಲೋ!” ಎಂದು ನಕ್ಕರು. ನನಗೆ ನಗು ಬರಲಿಲ್ಲ. ಆ ರಾತ್ರಿಯೇ ಕುಳಿತು ಅಕ್ಷರಗಳನ್ನೆಲ್ಲ ಕುಗ್ಗಿಸಿ, ಒಂದೊಂದಕ್ಕೂ ತಲೆಕಟ್ಟು ಕೊಟ್ಟೆ.

ಉಳಿಸಿಡಲು ಖಾಲಿ ಕ್ಯಾಸೆಟ್ಟು ಇರಲಿಲ್ಲ. ಕಪಾಟಿನಿಂದ ಕೈಗೆ ಸಿಕ್ಕಿದ್ದನ್ನು ಎಳೆದುಕೊಂಡು ಮುದ್ರಿಸಿದೆ. ನಾಲ್ಕು ಕಿಲೋಬೈಟಿನ ಪ್ರೋಗ್ರಾಂ. ಹಿಡಿದದ್ದು ಅರ್ಧ ನಿಮಿಷ. ಮರುದಿನ ಹಾಕಿ ಕೇಳಿದಾಗ, ಕರ್ಕಶವಾದ ಆ ಸದ್ದು ಮುಗಿದೊಡನೆ ಸಾಲಿನ ನಡುವಿನಿಂದ ಅಜ್ಜಿಯ ದನಿ ಎದ್ದುಬಂತು. ಅದು ಹಸೆಯ ಹಾಡು. ಮದುವೆಯ ಚಪ್ಪರದಲ್ಲಿ ಹಾಡುವ ಹಕ್ಕು ಅವರಿಗಿರಲಿಲ್ಲವಾದ್ದರಿಂದ, ತಂದೆಯವರು ಅಡಿಗೆಮನೆಯಲ್ಲಿ ಕೂರಿಸಿ ಹಾಡಿಸಿ ಹಿಡಿದಿಟ್ಟುಕೊಂಡಿದ್ದರು. ಕ್ಯಾಸೆಟ್ಟಿನ ಅಂಚಿನ ಪುಟ್ಟ ಪ್ಲಾಸ್ಟಿಕ್ ಎಸಳನ್ನು ಮುರಿದಿದ್ದರೆ ಅದರ ಮೇಲೆ ಮತ್ತೆ ಮುದ್ರಿಸಲು ಬರುತ್ತಿರಲಿಲ್ಲ, ಅವರು ಮುರಿದಿರಲಿಲ್ಲ. ನಾನು ಕ್ಯಾಸೆಟ್ಟನ್ನು ಸದ್ದಿಲ್ಲದೆ ಕಪಾಟಿಗೆ ಸೇರಿಸಿದೆ. ಅಜ್ಜಿ 1989ರಲ್ಲಿ ತೀರಿಕೊಂಡರು. ನಾನು ಹೇಳಲೇ ಇಲ್ಲ.

ಇಂಥ ಯಂತ್ರಗಳನ್ನು ಇಂದಿಗೂ ದುರಸ್ತಿ ಮಾಡಿ ನಡೆಸುವ ಹವ್ಯಾಸಿಗಳು ಲೋಕದ ನಾನಾ ಕಡೆ ಇದ್ದಾರೆ, ನಾನೂ ಅವರಲ್ಲೊಬ್ಬನಾದೆ. ಗುಂಡಿಗಳ ಕೆಳಗಿನ ಹಾಳೆ ಪುಡಿಯಾಗಿತ್ತು, ಬದಲಿಸಿದೆ. ಕೆಪಾಸಿಟರುಗಳನ್ನು ಹೊಸದಾಗಿ ಬೆಸೆದೆ. ಆ ಕ್ಯಾಸೆಟ್ಟನ್ನು ಓದಿಸಲು ಹೋದರೆ ‘ಟೇಪ್ ಲೋಡಿಂಗ್ ಎರರ್’ ಎಂಬ ಉತ್ತರವೇ ಮತ್ತೆ ಮತ್ತೆ. ಟೇಪ್‌ರೆಕಾರ್ಡರಿನ ತಲೆಯ ಓರೆಯನ್ನು ಸಣ್ಣ ತಿರುಪುಳಿಯಿಂದ ಕೂದಲೆಳೆಯಷ್ಟು ತಿದ್ದಿದ ಮೇಲೆ, ಪರದೆಯ ಅಂಚಿನಲ್ಲಿ ಕೆಂಪು, ತಿಳಿನೀಲಿ ಪಟ್ಟೆಗಳು, ಅನಂತರ ನೀಲಿ, ಹಳದಿ ಪಟ್ಟೆಗಳು ಓಡಿದವು. ಕನ್ನಡ ಮೂಡಿತು, ತಲೆಕಟ್ಟಿನ ಸಮೇತ. ಟೇಪು ಇನ್ನೂ ಓಡುತ್ತಿತ್ತು. ತಂತಿಯನ್ನು ಕಿತ್ತೊಡನೆ, ಅಷ್ಟು ಹೊತ್ತು ಮೂಕವಾಗಿದ್ದ ಸ್ಪೀಕರಿನಿಂದ ಅಜ್ಜಿ ಸಾಲಿನ ನಡುವಿನಿಂದ ಹಾಡತೊಡಗಿದರು.

ಅಳಿಸಿಹೋದ ಆ ಮೊದಲ ಸಾಲುಗಳು ನಮ್ಮ ಮನೆಯಲ್ಲಿ ಈಗ ಯಾರಿಗೂ ಬಾರವು. ಇಡೀ ಕ್ಯಾಸೆಟ್ಟನ್ನು ಹೊಸ ಗಣಕಕ್ಕೆ ಇಳಿಸಿಕೊಂಡಾಗ, ಕರ್ಕಶವಾದ ಭಾಗವನ್ನು ಕತ್ತರಿಸಿಬಿಡು ಎಂದು ಮನೆಯವರು ಹೇಳಿದರು. ನಾನು ಒಪ್ಪಲಿಲ್ಲ. ನಾನು ಮಾಡಿದ್ದೂ ಅಲ್ಲಿಯೇ ಇರಲಿ. ಅವರಿಗಾಗಿ ಕೊಟ್ಟ ತಲೆಕಟ್ಟೂ ಅದರೊಳಗೇ ಇದೆ. ಕ್ಯಾಸೆಟ್ಟಿನ ಪ್ಲಾಸ್ಟಿಕ್ ಎಸಳನ್ನು ಮಾತ್ರ ಈಗ ಮುರಿದಿಟ್ಟಿದ್ದೇನೆ.