ವಿರೋಧವೆಲ್ಲ ಆಭಾಸವೇ?



ಕನ್ನಡದಲ್ಲಿ ‘ವಿರೋಧಾಭಾಸ’ ಎಂಬ ಮಾತುಂಟು. ಒಂದಕ್ಕೊಂದು ತಾಳೆಯಾಗದ ಮಾತುಗಳಿಗೆಲ್ಲ ದಿನಬಳಕೆಯಲ್ಲಿ ಇದೇ ಹೆಸರು. ಆದರೆ ಅಲಂಕಾರಶಾಸ್ತ್ರದಲ್ಲಿ ಅದಕ್ಕೆ ಖಚಿತವಾದ ಅರ್ಥವಿದೆ. ಮೇಲ್ನೋಟಕ್ಕೆ ವಿರೋಧ ಕಾಣಬೇಕು, ಅರ್ಥ ಬಿಡಿಸಿದಾಗ ಅದು ಕರಗಬೇಕು. ‘ಬರಿಗೈಯ ಶ್ರೀಮಂತ’ ಎಂದರೆ ಮೊದಲು ಗೊಂದಲವಾಗುತ್ತದೆ. ಕೈಯಲ್ಲಿ ಕಾಸಿಲ್ಲ, ಮನಸ್ಸು ಮಾತ್ರ ದೊಡ್ಡದು ಎಂದು ಹೊಳೆದಾಗ ಗೊಂದಲ ತೀರುತ್ತದೆ. ವಿರೋಧವೆಂಬುದು ಬರಿಯ ತೋರಿಕೆ ಎಂಬ ತೀರ್ಪು ಆ ಪದದೊಳಗೇ ಅಡಗಿದೆ.

ಹಾಗಾದರೆ, ಎಷ್ಟು ಬಿಡಿಸಿದರೂ ಕರಗದ ವಿರೋಧ ಇರಬಹುದೇ? ಒಂದು ಮಾತು, ಆ ಮಾತಿನ ನಿಷೇಧ, ಎರಡೂ ಏಕಕಾಲಕ್ಕೆ ನಿಜವಾಗಬಹುದೇ? ಅಪರೂಪಕ್ಕೆ ಆಗಬಹುದು ಎನ್ನುವ ತತ್ತ್ವಜ್ಞರಿದ್ದಾರೆ. ಅವರಲ್ಲಿ ಪ್ರಮುಖರು 1948ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, ಆಸ್ಟ್ರೇಲಿಯದಲ್ಲಿ ದೀರ್ಘಕಾಲ ಕೆಲಸ ಮಾಡಿದ ಗ್ರಹಾಂ ಪ್ರೀಸ್ಟ್. ಅವರೂ ರಿಚರ್ಡ್ ರೌಟ್ಲಿಯೂ ಸೇರಿ ಈ ನಿಲುವಿಗೆ ‘ಡಯಲೀಥಿಯಿಸಂ’ ಎಂದು ಹೆಸರಿಟ್ಟರು. ಗ್ರೀಕ್ ಮೂಲದ ಈ ಪದವನ್ನು ‘ಇಬ್ಬಗೆಯ ಸತ್ಯ’ ಎಂದು ಅರ್ಥೈಸಬಹುದು. 1987ರಲ್ಲಿ ಬಂದ ಪ್ರೀಸ್ಟ್ ಅವರ ‘ಇನ್ ಕಾಂಟ್ರಡಿಕ್ಷನ್’ ಈ ವಾದದ ಮುಖ್ಯ ಗ್ರಂಥ.

ಪಾಶ್ಚಾತ್ಯ ತರ್ಕಶಾಸ್ತ್ರದ ಮಟ್ಟಿಗೆ ಇದು ಸಣ್ಣ ಬಂಡಾಯವಲ್ಲ. ಕ್ರಿಸ್ತಪೂರ್ವ 4ನೇ ಶತಮಾನದಲ್ಲಿ ಅರಿಸ್ಟಾಟಲ್ ತನ್ನ ‘ಮೆಟಫಿಸಿಕ್ಸ್’ನಲ್ಲಿ, ಒಂದೇ ಗುಣ ಒಂದೇ ವಸ್ತುವಿನಲ್ಲಿ, ಒಂದೇ ಕಾಲಕ್ಕೆ, ಒಂದೇ ದೃಷ್ಟಿಯಿಂದ ಇರುವುದೂ ಇಲ್ಲದಿರುವುದೂ ಅಸಾಧ್ಯ ಎಂದು ಸಾರಿದ. ಎಲ್ಲ ತತ್ತ್ವಗಳಿಗಿಂತ ಇದೇ ದೃಢವಾದದ್ದು ಎಂಬುದು ಅವನ ನಂಬಿಕೆ. ಇದನ್ನು ಒಪ್ಪದೆ, ಅರ್ಥವುಳ್ಳ ಒಂದು ಮಾತನ್ನೂ ಆಡಲು ಸಿದ್ಧನಿಲ್ಲದವನು ಗಿಡಕ್ಕೆ ಸಮಾನ ಎಂದೂ ಆತ ಹೇಳಿದ್ದುಂಟು.

ಆದರೆ ಅದೇ ಶತಮಾನದ ಗ್ರೀಕ್ ಚಿಂತಕ ಯೂಬುಲಿಡೀಸ್‌ನ ಹೆಸರಿನಲ್ಲಿ ಒಂದು ಒಗಟು ಉಳಿದುಬಂದಿದೆ. ಅದರ ಸರಳ ರೂಪ ಇಷ್ಟೆ: ‘ಈ ವಾಕ್ಯ ಸುಳ್ಳು.’ ಇದು ನಿಜವೆಂದಿಟ್ಟುಕೊಳ್ಳಿ. ಆಗ ಅದು ಹೇಳುವಂತೆಯೇ ಆಗಬೇಕು, ಅಂದರೆ ಸುಳ್ಳಾಗಬೇಕು. ಸುಳ್ಳೆಂದಿಟ್ಟುಕೊಳ್ಳಿ. ಅದು ಹೇಳುವುದೂ ಅದನ್ನೇ, ಹೀಗಾಗಿ ನಿಜವಾಯಿತು. ನಿಜವೂ ಅಲ್ಲ, ಸುಳ್ಳೂ ಅಲ್ಲ ಎಂದು ಕೈತೊಳೆದುಕೊಳ್ಳೋಣವೆಂದರೆ, ವಾಕ್ಯವನ್ನು ‘ಈ ವಾಕ್ಯ ನಿಜವಲ್ಲ’ ಎಂದು ತುಸು ತಿದ್ದಿ ನೋಡಿ. ಅದು ಎರಡೂ ಅಲ್ಲವೆಂದಾದರೆ ನಿಜವಲ್ಲ. ಅದು ಹೇಳುವುದೂ ಅದೇ, ಆದ್ದರಿಂದ ನಿಜ. ಸಿಕ್ಕು ಮತ್ತೆ ಬಿತ್ತು.

ಇಂಥ ಎಲ್ಲ ಒಗಟೂ ಹೀಗಲ್ಲ. ಊರಿನಲ್ಲಿ ಯಾರು ತಮಗೆ ತಾವೇ ಕ್ಷೌರ ಮಾಡಿಕೊಳ್ಳುವುದಿಲ್ಲವೋ ಅವರೆಲ್ಲರಿಗೂ, ಅವರಿಗೆ ಮಾತ್ರ, ಕ್ಷೌರ ಮಾಡುವ ಒಬ್ಬ ಕ್ಷೌರಿಕನಿದ್ದಾನೆ ಎನ್ನಿ. ಅವನು ತನಗೆ ತಾನೇ ಕ್ಷೌರ ಮಾಡಿಕೊಳ್ಳುತ್ತಾನೆಯೇ? ಹೌದೆಂದರೂ ತೊಂದರೆ, ಇಲ್ಲವೆಂದರೂ ತೊಂದರೆ. ಉತ್ತರ ಸುಲಭ: ಅಂಥ ಕ್ಷೌರಿಕನೇ ಇಲ್ಲ. ಆದರೆ ‘ಈ ವಾಕ್ಯ ಸುಳ್ಳು’ ಎಂಬುದು ಕಣ್ಣೆದುರಿಗಿದೆ. ಅದನ್ನು ಇಲ್ಲವೆನ್ನಲಾಗದು.

ಇದೆಲ್ಲ ವಿರಾಮದ ವಿನೋದ ಎನಿಸಬಹುದು. ಜರ್ಮನಿಯ ಗಾಟ್ಲೋಬ್ ಫ್ರೇಗೆಗೆ ಅದು ವಿನೋದವಾಗಿರಲಿಲ್ಲ. ಅಂಕಗಣಿತವನ್ನು ತರ್ಕದ ಅಡಿಪಾಯದ ಮೇಲೆ ಕಟ್ಟಲು ಆತ ವರ್ಷಗಟ್ಟಲೆ ದುಡಿದಿದ್ದ. ಗ್ರಂಥದ ಎರಡನೆಯ ಸಂಪುಟ ಅಚ್ಚಿನಲ್ಲಿದ್ದಾಗ, 1902ರ ಜೂನ್ 16ರಂದು, ಬರ್ಟ್ರಂಡ್ ರಸೆಲ್ ಒಂದು ಪತ್ರ ಬರೆದರು. ತನಗೆ ತಾನೇ ಸದಸ್ಯನಲ್ಲದ ಗಣಗಳನ್ನೆಲ್ಲ ಒಟ್ಟುಗೂಡಿಸಿದ ಗಣವು ತನಗೆ ತಾನು ಸದಸ್ಯನೇ, ಅಲ್ಲವೇ? ಆದರೆ ಅಲ್ಲ, ಅಲ್ಲದಿದ್ದರೆ ಹೌದು. ಫ್ರೇಗೆಯ ನಿಯಮಗಳ ಪ್ರಕಾರ ಅಂಥ ಗಣ ಇರಲೇಬೇಕಿತ್ತು. ಕ್ಷೌರಿಕನನ್ನು ಕೈಬಿಟ್ಟಂತೆ ಕೈಬಿಡುವ ದಾರಿ ಇರಲಿಲ್ಲ. 1903ರಲ್ಲಿ ಹೊರಬಂದ ಸಂಪುಟಕ್ಕೆ ಈ ಆಘಾತವನ್ನು ಒಪ್ಪಿಕೊಂಡ ಅನುಬಂಧವೊಂದನ್ನು ಫ್ರೇಗೆ ಸೇರಿಸಬೇಕಾಯಿತು.

ಒಂದೇ ಒಂದು ವಿರೋಧಕ್ಕೆ ಇಡೀ ಕಟ್ಟಡ ಏಕೆ ಅಲುಗಬೇಕು? ಕಾರಣ, ‘ಸ್ಫೋಟ’ ಎಂದು ಇಂದಿನ ತಾರ್ಕಿಕರು ಕರೆಯುವ ನಿಯಮ. ‘ಮಳೆ ಬರುತ್ತಿದೆ, ಮಳೆ ಬರುತ್ತಿಲ್ಲ’ ಎರಡೂ ನಿಜವೆನ್ನಿ. ಮಳೆ ಬರುತ್ತಿರುವುದು ನಿಜವಾದರೆ, ‘ಮಳೆ ಬರುತ್ತಿದೆ ಅಥವಾ ವಿಧಾನಸೌಧ ಚಿನ್ನದ್ದು’ ಎಂಬುದೂ ನಿಜ. ಎರಡರಲ್ಲಿ ಒಂದು ನಿಜವಾದರೆ ಸಾಕಲ್ಲ! ಆದರೆ ಮಳೆ ಬರುತ್ತಿಲ್ಲ ಎಂಬುದೂ ನಿಜ. ಹಾಗಾಗಿ ಉಳಿದದ್ದು ಒಂದೇ: ವಿಧಾನಸೌಧ ಚಿನ್ನದ್ದು! ಹೀಗೆ ಒಂದು ವಿರೋಧ ಒಳಬಂದರೆ ಏನನ್ನು ಬೇಕಾದರೂ ಸಾಧಿಸಬಹುದು.

ಈ ಸ್ಫೋಟವನ್ನು ತಡೆಯುವ ತರ್ಕಗಳನ್ನು ಪೋಲೆಂಡಿನ ಯಾಶ್ಕೋವ್‌ಸ್ಕಿ 1948ರಲ್ಲಿ, ಬ್ರೆಜಿಲ್‌ನ ನ್ಯೂಟನ್ ಡ ಕೋಸ್ಟ 1963ರಲ್ಲಿ ರೂಪಿಸಿದರು. ಪ್ರೀಸ್ಟ್ 1979ರ ತಮ್ಮ ಲೇಖನದಲ್ಲಿ, ಒಂದು ವಾಕ್ಯ ನಿಜವೂ ಸುಳ್ಳೂ ಎರಡೂ ಆಗಲು ಅವಕಾಶವಿರುವ ತರ್ಕವೊಂದನ್ನು ಮುಂದಿಟ್ಟರು. ಅಲ್ಲಿ ಮೇಲಿನ ವಾದದ ಕೊನೆಯ ಹೆಜ್ಜೆ ಸಾಗುವುದಿಲ್ಲ. ‘ಮಳೆ ಬರುತ್ತಿಲ್ಲ’ ಎಂಬುದು ನಿಜವಾದ ಮಾತ್ರಕ್ಕೆ ‘ಮಳೆ ಬರುತ್ತಿದೆ’ ಎಂಬುದನ್ನು ತಳ್ಳಿಹಾಕುವಂತಿಲ್ಲ, ಅದೂ ನಿಜವಿರಬಹುದಲ್ಲ! ವಿರೋಧ ತಾನಿದ್ದಲ್ಲೇ ಉಳಿಯುತ್ತದೆ, ಊರಿಗೆಲ್ಲ ಬೆಂಕಿ ಹಬ್ಬುವುದಿಲ್ಲ.

ಇಷ್ಟು ಕೇಳಿದ ಕನ್ನಡಿಗರಿಗೆ ಜೈನರ ಸ್ಯಾದ್ವಾದ ನೆನಪಾದರೆ ಅಚ್ಚರಿಯಿಲ್ಲ. ಶ್ರವಣಬೆಳಗೊಳದ 12ನೇ ಶತಮಾನದ ಮಲ್ಲಿಷೇಣ ಪ್ರಶಸ್ತಿ ಶಾಸನ ಸಮಂತಭದ್ರ, ಅಕಲಂಕರನ್ನು ಮಹಾವಾದಿಗಳೆಂದು ಕೊಂಡಾಡುತ್ತದೆ. ಸಮಂತಭದ್ರರ ‘ಆಪ್ತಮೀಮಾಂಸೆ’ಗೆ ಅಕಲಂಕರು ‘ಅಷ್ಟಶತಿ’ ಎಂಬ ವ್ಯಾಖ್ಯಾನ ಬರೆದರು. ಇದೆ, ಇಲ್ಲ, ಇದೆಯೂ ಇಲ್ಲವೂ, ಹೇಳಲಾಗದು ಎಂದು ಆರಂಭವಾಗಿ ಏಳು ಬಗೆಯಾಗುವ ಸಪ್ತಭಂಗಿ ಈ ಪರಂಪರೆಯದು. ಬಿಸಿಯೂ ತಂಪೂ ಒಂದೆಡೆ ಇರಲಾರದಂತೆ, ಇರುವಿಕೆ ಇಲ್ಲದಿರುವಿಕೆಗಳು ಒಂದೇ ವಸ್ತುವಿನಲ್ಲಿ ಒಟ್ಟಿಗೆ ಇರಲಾರವು ಎಂದು ಶಂಕರರು ಬ್ರಹ್ಮಸೂತ್ರ ಭಾಷ್ಯದಲ್ಲಿ ಆಕ್ಷೇಪಿಸಿದ್ದಾರೆ.

ಜೈನರ ಉತ್ತರವೆಲ್ಲ ‘ಸ್ಯಾತ್’ ಎಂಬ ಪದದಲ್ಲಿದೆ. ಇಲ್ಲಿ ಅದರ ಅರ್ಥ ‘ಬಹುಶಃ’ ಎಂದಲ್ಲ, ‘ಒಂದು ದೃಷ್ಟಿಯಿಂದ’ ಎಂದು. ಮಡಕೆ ಮಡಕೆಯಾಗಿ ಇದೆ, ಬಟ್ಟೆಯಾಗಿ ಇಲ್ಲ. ದೃಷ್ಟಿ ಬೇರೆಯಾದ ಮೇಲೆ ವಿರೋಧವೆಲ್ಲಿ? ಅರಿಸ್ಟಾಟಲ್ ಇಟ್ಟ ‘ಒಂದೇ ದೃಷ್ಟಿಯಿಂದ’ ಎಂಬ ಷರತ್ತು ಇಲ್ಲಿ ಮುರಿಯುವುದಿಲ್ಲ. ಹಾಗೆ ನೋಡಿದರೆ ಸ್ಯಾದ್ವಾದವು ವಿರೋಧವನ್ನು ಆಭಾಸವೆಂದು ತೋರಿಸಿ ಕರಗಿಸುವ ಮಾರ್ಗ. ಪ್ರೀಸ್ಟ್ ಹೇಳುವುದು, ದೃಷ್ಟಿ ಬೇರ್ಪಡಿಸಿದರೂ ಕರಗದೆ ಉಳಿಯುವ ಶೇಷದ ಬಗ್ಗೆ.

ಶೇಷವೆಂಬುದು ನಿತ್ಯಜೀವನದಲ್ಲೂ ಇದೆಯೆ? ಕಾನೂನಿನಲ್ಲಿ ಇರಬಹುದು ಎಂಬುದು ಪ್ರೀಸ್ಟ್ ಅವರ ವಾದ. ಒಂದು ಸಹಕಾರ ಸಂಘದ ಬೈಲಾದಲ್ಲಿ ‘ಸ್ಥಾಪಕ ಸದಸ್ಯರೆಲ್ಲರಿಗೂ ಮತದ ಹಕ್ಕಿದೆ’ ಎಂದೂ, ‘ಸುಸ್ತಿದಾರರಾರಿಗೂ ಮತದ ಹಕ್ಕಿಲ್ಲ’ ಎಂದೂ ಇದೆಯೆನ್ನಿ. ಸ್ಥಾಪಕ ಸದಸ್ಯನೊಬ್ಬ ಒಂದು ವರ್ಷ ಸಾಲ ಬಾಕಿ ಉಳಿಸಿಕೊಂಡ. ಅವನಿಗೆ ಹಕ್ಕಿದೆಯೆ? ಸಾಮಾನ್ಯ ನಿಯಮಕ್ಕಿಂತ ವಿಶೇಷ ನಿಯಮ ಮೇಲು, ಹಳೆಯದಕ್ಕಿಂತ ಹೊಸದು ಮೇಲು ಎಂಬ ಸೂತ್ರಗಳಿಂದ ಬಹಳಷ್ಟು ಜಗಳ ಬಗೆಹರಿಯುತ್ತದೆ. ಯಾವ ಸೂತ್ರವೂ ಒದಗದಿದ್ದರೆ, ತಿದ್ದುಪಡಿಯಾಗುವವರೆಗೆ ಅವನಿಗೆ ಹಕ್ಕು ಇದೆ, ಇಲ್ಲ, ಎರಡೂ ನಿಜ.

ಟೀಕಾಕಾರರು ಸುಮ್ಮನಿಲ್ಲ. ಅಮೆರಿಕದ ಡೇವಿಡ್ ಲೂಯಿಸ್ ಈ ಚರ್ಚೆಗೆ ಇಳಿಯಲೇ ಒಪ್ಪಲಿಲ್ಲ. ವಿರೋಧ ಸಲ್ಲದೆಂಬುದನ್ನೇ ಪ್ರಶ್ನಿಸಿದರೆ ವಾದಕ್ಕೆ ಉಭಯರಿಗೂ ಸಮಾನವಾದ ನೆಲೆಯೇ ಉಳಿಯದು ಎಂಬುದು ಅವರ ನಿಲುವು. ವಿರೋಧವನ್ನು ಒಪ್ಪುವವರು ಯಾವುದನ್ನಾದರೂ ಅಲ್ಲಗಳೆಯುವುದು ಹೇಗೆ ಎಂಬ ಪ್ರಶ್ನೆಯೂ ಇದೆ. ಒಂದು ಮಾತಿನ ನಿಷೇಧವನ್ನು ಒಪ್ಪುವುದು ಬೇರೆ, ಆ ಮಾತನ್ನು ತಿರಸ್ಕರಿಸುವುದು ಬೇರೆ ಎಂಬುದು ಪ್ರೀಸ್ಟ್ ಅವರ ಉತ್ತರ. ನಿನ್ನೆ ಆಡಿದ್ದನ್ನು ಇಂದು ಅಲ್ಲವೆನ್ನುವ ಮುಖಂಡರಿಗೆ ಇಲ್ಲಿ ಆಶ್ರಯವಿಲ್ಲ. ವಿರೋಧವನ್ನು ಶಂಕಿಸುವುದೇ ವಾಡಿಕೆಯಾಗಿರಬೇಕು. ನಿಜವೆನ್ನುವವರು ಪ್ರತಿ ಸಲವೂ ಕಾರಣ ಕೊಡಬೇಕು.

ಮತಪೆಟ್ಟಿಗೆಯ ಮುಂದೆ ನಿಂತ ಆ ಸ್ಥಾಪಕ ಸದಸ್ಯನಿಗೆ ಚೀಟಿ ಕೊಡಬೇಕೋ ಬೇಡವೋ ಎಂಬುದನ್ನು ಈ ಸಿದ್ಧಾಂತ ತೀರ್ಮಾನಿಸದು. ಅದು ಹೇಳುವುದು ಇಷ್ಟೆ: ಗೊಂದಲ ಅವನ ತಲೆಯಲ್ಲಿಲ್ಲ, ಚುನಾವಣಾಧಿಕಾರಿಯ ತಲೆಯಲ್ಲೂ ಇಲ್ಲ, ಅದು ಬೈಲಾದಲ್ಲಿದೆ. ವಿರೋಧವನ್ನು ಆಭಾಸವೆಂದು ತಳ್ಳಿಹಾಕಿದರೆ, ಅದನ್ನು ತಿದ್ದಬೇಕೆಂದು ಯಾರಿಗೂ ತೋಚುವುದಿಲ್ಲ.